ಆಲ್ಪ್ಸ್ ಬೆಟ್ಟದ ಬಿಳಿ ದ್ರಾಕ್ಷಿ ಚಿಕ್ಕಮಗಳೂರಲ್ಲಿ ಬರುತ್ತಾ?

ಪ್ರಶ್ನೆ: ಸರ್, ಇಟಲಿಯಲ್ಲಿ ಪ್ರಿಯೇ ಬ್ಲಾಂ ಅಂತ ಒಂದು ಅಪರೂಪದ ವೈನ್ ದ್ರಾಕ್ಷಿನ 900ರಿಂದ 1200 ಮೀಟರ್ ಎತ್ತರದಲ್ಲಿ, ಅದೂ ಕಸಿ ಕಟ್ಟದೆ ಬೆಳೀತಾರಂತೆ. ಚಿಕ್ಕಮಗಳೂರಲ್ಲಿರೋ ನಮ್ಮ ಕಾಫಿ ತೋಟನೂ 1100 ಮೀಟರ್ ಇದೆ. ಒಂದೆಕರೆ ಹಾಕಿ ನೋಡಬಹುದಾ?

ಉತ್ತರ: ಬೇಡ ಸರ್. ಎತ್ತರದ ಲೆಕ್ಕ ಒಂದೇ ಹಿಡಿದ್ರೆ ಬೆಂಗಳೂರೂ ಸುಮಾರು 900 ಮೀಟರ್ ಮೇಲಿದೆ, ಹಾಗಂತ ಜಯನಗರದಲ್ಲಿ ಆಲ್ಪ್ಸ್ ದ್ರಾಕ್ಷಿ ಬರುತ್ತಾ! ಅದು ಬೆಳೆಯೋದು ಆವೊಸ್ತಾ ಕಣಿವೆಯ ಮೊರ್ಜೆ, ಲಾ ಸಾಲ್ ಅನ್ನೋ ಊರುಗಳ ಸುತ್ತ, ಮೌಂಟ್ ಬ್ಲಾಂಕ್ ಬುಡದಲ್ಲಿ (ಅಲ್ಲಿ ಫ್ರೆಂಚೂ ನಡೆಯುತ್ತೆ, ಅದಕ್ಕೇ ಇಟಲಿಯಲ್ಲಿದ್ರೂ ಹೆಸರು ಹಾಗೆ). ಅಲ್ಲಿ ಚಳಿಗಾಲ ಪೂರ್ತಿ ಎಲೆ ಉದುರಿಸಿ ಬಳ್ಳಿ ಮಲಗಿರುತ್ತೆ, ಬೇಸಿಗೆ ಸಿಗೋದೇ ಸ್ವಲ್ಪ ದಿನ, ಅಷ್ಟರಲ್ಲೇ ಹಣ್ಣಾಗೋ ತಳಿ ಅಂತಲೇ ಇದು ಅಲ್ಲಿ ಉಳ್ಕೊಂಡಿದೆ. ಚಪ್ಪರನೂ ನಮ್ಮ ಕಡೆ ತರ ತಲೆ ಎತ್ತರಕ್ಕಿರಲ್ಲ, ನೆಲಕ್ಕೆ ಹತ್ತಿರ, ಬಗ್ಗಿಕೊಂಡೇ ಕೆಲಸ ಮಾಡಬೇಕು, ಯಾಕಂದ್ರೆ ಹಗಲು ಮಣ್ಣು ಕಲ್ಲು ಹೀರ್ಕೊಂಡ ಬಿಸಿ ರಾತ್ರಿ ಗೊಂಚಲಿಗೆ ಸಿಗಬೇಕು, ಗಾಳಿನೂ ಹೊಡೀಬಾರದು.

ನಮ್ಮಲ್ಲಿ ಬಳ್ಳಿಗೆ ಆ ನಿದ್ದೆನೇ ಇಲ್ಲ. ಅದಕ್ಕೇ ವಿಜಯಪುರದವರು ಏಪ್ರಿಲ್‌ಗೊಂದು ಅಕ್ಟೋಬರ್‌ಗೊಂದು ಚಾಟ್ನಿ (ಬಳ್ಳಿ ಕತ್ತರಿಸೋದು) ಮಾಡೋದು. ನಿಮ್ಮಲ್ಲಂತೂ ಜೂನ್‌ನಿಂದ ಮಳೆ, ಮೋಡ, ಮೇಲೆ ಮರದ ನೆರಳು. ಕಾಫಿಗೆ ಸರಿ, ದ್ರಾಕ್ಷಿಗೆ ಡೌನಿ ಮಿಲ್ಡ್ಯೂ ಅನ್ನೋ ಬೂಜು ರೋಗನ ಕರೆದು ಕೂರಿಸಿದ ಹಾಗೆ. ಆ ವೈನಿನ ರುಚಿಯೇ ಅದರ ಹುಳಿಯಲ್ಲಿರೋದು, ಹಣ್ಣಾಗೋ ಟೈಮಲ್ಲಿ ವಾತಾವರಣ ಬೆಚ್ಚಗಿದ್ರೆ ಆ ಹುಳಿ ಕರಗಿ ಹೋಗುತ್ತೆ.

ಕಸಿ ಇಲ್ಲದಿರೋ ಮಾತು ನಿಜ. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನೋ ಬೇರು ತಿನ್ನೋ ಕೀಟ ಯುರೋಪಿನ ಬಹುಪಾಲು ತೋಟಗಳನ್ನ ಹಾಳು ಮಾಡ್ತು, ಆಮೇಲೆ ಅಮೆರಿಕನ್ ಬೇರುಸಸಿ ಮೇಲೆ ಕಸಿ ಕಟ್ಟೋದು ಶುರುವಾಯ್ತು. ಮೊರ್ಜೆ ಕಡೆ ಆ ಚಳಿಗೆ, ಎತ್ತರಕ್ಕೆ ಕೀಟ ನಿಲ್ಲಲಿಲ್ಲ, ಹಾಗಾಗಿ ಸ್ವಂತ ಬೇರು. ಅದನ್ನ ನೋಡಿ ನೀವು ಕಾಪಿ ಮಾಡೋಕೆ ಹೋಗ್ಬೇಡಿ, ನಮ್ಮ ರೈತರು ಡಾಗ್‌ರಿಡ್ಜ್ ಅನ್ನೋ ಬೇರುಸಸಿಗೆ ಕಸಿ ಕಟ್ಟೋದು ಉಪ್ಪು ನೀರು, ಬರ ತಡೆಯೋಕೆ, ಆ ಕಾರಣನೇ ಬೇರೆ.

ಇನ್ನೊಂದು, ಟೂರ್ ಹೋದವರ ಸೂಟ್‌ಕೇಸಲ್ಲಿ ಕಡ್ಡಿ ತರಿಸೋ ಐಡಿಯಾ ಇದ್ರೆ ಈಗಲೇ ಬಿಟ್ಬಿಡಿ, ಗಿಡ ಆಮದಿಗೆ ಪರ್ಮಿಟ್ ಬೇಕು, ಕ್ವಾರಂಟೈನ್ ಇದೆ, ರೋಗ ಬಂದ್ರೆ ಅಕ್ಕಪಕ್ಕದ ತೋಟನೂ ಹೋಗುತ್ತೆ. ಬಿಳಿ ವೈನ್ ದ್ರಾಕ್ಷಿನೇ ಬೆಳೀಬೇಕು ಅಂದ್ರೆ ಬಯಲುಸೀಮೆ ಕಡೆ ಒಣ ಜಮೀನು ನೋಡಿ, ಶೆನಿನ್ ಬ್ಲಾಂ ಇಲ್ಲಾ ಸೊವಿನ್ಯೊ ಬ್ಲಾಂ ಹಾಕಿ, ಮೊದಲೇ ಯಾವುದಾದ್ರೂ ವೈನರಿ ಜೊತೆ ಖರೀದಿ ಮಾತಾಡ್ಕೊಳ್ಳಿ. ಪ್ರಿಯೇ ಬ್ಲಾಂ ರುಚಿ ನೋಡೋ ಆಸೆ ಇದ್ರೆ ಯುರೋಪಿಗೆ ಹೋದಾಗ ಲೇಬಲ್ ಮೇಲೆ 'ಬ್ಲಾಂ ದ ಮೊರ್ಜೆ ಎ ದ ಲಾ ಸಾಲ್' ಅಂತ ಇದೆಯಾ ನೋಡಿ, ಅದೇ ಇದು.