ಊರೂರು ಸಂಚರಿಸುವ ಕುರಿ ಮಂದೆಗೆ ಮೇವಿನ ಹಕ್ಕಿದೆಯೇ?

ಪ್ರಶ್ನೆ: ನಾವು ಕುರಿ ಮಂದೆಯೊಂದಿಗೆ ವರ್ಷದ ಹಲವು ತಿಂಗಳು ಊರೂರು ಸಂಚರಿಸುವವರು. ಗೋಮಾಳದಲ್ಲಿ ಗ್ರಾಮಸ್ಥರು ತಡೆಯುತ್ತಾರೆ, ಕಾಡಂಚಿನಲ್ಲಿ ಅರಣ್ಯ ಸಿಬ್ಬಂದಿ ಎಬ್ಬಿಸುತ್ತಾರೆ. ಸರ್ಕಾರದ ನಿಯಮಗಳಲ್ಲಿ ನಮಗೆ ಹಕ್ಕೇ ಇಲ್ಲವೇ?
– ಓದುಗರೊಬ್ಬರು, ಗೋಕಾಕ ತಾಲ್ಲೂಕು

ಉತ್ತರ: ಗೋಮಾಳದ ಮಟ್ಟಿಗೆ ಭೂಕಂದಾಯ ಕಾನೂನು ನಿಮ್ಮ ಪರವಾಗಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೆಯ ಕಲಮಿನಡಿ ಸರ್ಕಾರಿ ಜಮೀನನ್ನು ಉಚಿತ ಮೇವಿಗೆಂದು ಕಾದಿರಿಸಬಹುದು. 1966ರ ನಿಯಮಾವಳಿಯ 97ನೆಯ ನಿಯಮವು ಅದಕ್ಕೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಎಂಬ ಪ್ರಮಾಣವನ್ನು ನಿಗದಿಪಡಿಸಿದೆ. ಆದರೆ 72ನೆಯ ಕಲಮು ಆ ಹಕ್ಕನ್ನು, ಗೋಮಾಳವು ಯಾವ ಗ್ರಾಮಕ್ಕೆ ಸೇರಿದೆಯೋ ಆ ಗ್ರಾಮದ ಜಾನುವಾರುಗಳಿಗಷ್ಟೇ ಸೀಮಿತಗೊಳಿಸುತ್ತದೆ. ನಮ್ಮ ಮೇವು ನೀತಿಯ ದೊಡ್ಡ ಲೋಪ ಇದೇ ಎಂದು ನಾನು ಭಾವಿಸುತ್ತೇನೆ. ಸುಗ್ಗಿಯ ನಂತರ ಬಂದು, ರೈತರ ಹೊಲದಲ್ಲಿ ರಾತ್ರಿ ತಂಗಿ, ಗೊಬ್ಬರ ಕೊಟ್ಟು ಮುಂದೆ ಸಾಗುವ ಮಂದೆ ಯಾವ ಊರಿನ ಲೆಕ್ಕಕ್ಕೂ ಸೇರುವುದಿಲ್ಲ. ಊರಿನ ದನಗಳನ್ನಷ್ಟೇ ಎಣಿಸಿ ಉಳಿದದ್ದನ್ನು 'ಹೆಚ್ಚುವರಿ ಗೋಮಾಳ' ಎಂದು ತೋರಿಸಿ ಅನ್ಯ ಉದ್ದೇಶಗಳಿಗೆ ಮಂಜೂರು ಮಾಡಿದಾಗ ನಿಮ್ಮ ಮೇವು ಕಡಿಮೆಯಾದದ್ದು ಕಡತದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಮಂದೆಗಳು ಹಾದುಹೋಗುವ ಊರುಗಳಲ್ಲಾದರೂ ಋತುಮಾನದ ಮೇವನ್ನು ಈ ಲೆಕ್ಕಕ್ಕೆ ಸೇರಿಸುವ ತಿದ್ದುಪಡಿ ಬರಲೇಬೇಕು.

ಅರಣ್ಯದ ವಿಚಾರ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯು ಒಂದೆಡೆ ನೆಲೆಸಿದವರ ಮೇವಿನ ಹಕ್ಕನ್ನಷ್ಟೇ ಅಲ್ಲದೆ ವಲಸೆ ಮಂದೆಗಳ ಮೇವಿನ ಹಕ್ಕನ್ನೂ, ಅಲೆಮಾರಿ ಪಶುಪಾಲಕರ ಋತುಮಾನದ ಪ್ರವೇಶವನ್ನೂ ಸ್ಪಷ್ಟವಾಗಿ ಹೆಸರಿಸಿದೆ. ಅಭಯಾರಣ್ಯಗಳಿಗೂ ಅದು ಅನ್ವಯಿಸುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 3 ತಲೆಮಾರು, ಅಂದರೆ 75 ವರ್ಷಗಳಿಂದ, ಆ ಅರಣ್ಯವನ್ನು ಅವಲಂಬಿಸಿರುವುದನ್ನು ತೋರಿಸಬೇಕು. ದಾಖಲೆ ಇಟ್ಟುಕೊಳ್ಳದ ಸಂಚಾರಿಗಳಿಗೆ ಇದು ಬಹಳ ಕಠಿಣ ಷರತ್ತು. ಆದರೂ ಅರ್ಜಿದಾರರಲ್ಲದ ಹಿರಿಯರು ನೀಡಿ, ಬರಹಕ್ಕಿಳಿಸಿದ ಹೇಳಿಕೆಯನ್ನು ನಿಯಮಗಳು ಪುರಾವೆಯಾಗಿ ಒಪ್ಪುತ್ತವೆ. ಆದ್ದರಿಂದ ಮೊದಲು ನಿಮ್ಮ ಹಾದಿಯ ಹಳ್ಳಿಗಳ ವೃದ್ಧರಿಂದ ಅಂಥ ಹೇಳಿಕೆಗಳನ್ನು ಬರೆಸಿಕೊಳ್ಳಿ.

ಅರ್ಜಿಯನ್ನು ನಿಮ್ಮ ಸ್ವಂತ ಊರಿನಲ್ಲಲ್ಲ, ಮೇಯಿಸುವ ಅರಣ್ಯವಿರುವ ಗ್ರಾಮದ ಗ್ರಾಮಸಭೆಗೆ, ಸಾಧ್ಯವಾದರೆ ಸಮುದಾಯದ ಹೆಸರಿನಲ್ಲಿ ಸಲ್ಲಿಸಿ. ಪಶುಪಾಲಕರು ಅಥವಾ ಅವರ ಪ್ರತಿನಿಧಿಗಳು ಹಾಜರಿರುವ ಸಮಯದಲ್ಲಿಯೇ ಅವರ ಅರ್ಜಿಯ ಪರಿಶೀಲನೆ ನಡೆಯಬೇಕೆಂದು ನಿಯಮವಿದೆ. ಮಂದೆ ಆ ಊರಿಗೆ ಬರುವ ತಿಂಗಳುಗಳನ್ನು ಅರ್ಜಿಯಲ್ಲಿಯೇ ನಮೂದಿಸಿ, ಸ್ವೀಕೃತಿಯನ್ನು ಕೇಳಿ ಪಡೆಯಿರಿ.