ಕಂಪ್ಯೂಟರ್ ಎಂಜಿನಿಯರಿಂಗ್‌ನಲ್ಲಿ ಕಡಿಮೆ ಖರ್ಚಿನ, ಒಳ್ಳೆ ಹೆಸರಿನ ಆನ್‌ಲೈನ್ ಪಿಎಚ್‌ಡಿ ಯಾವುದು?

ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಮನೆಯಿಂದ ಮುಗಿಸಬೇಕು ಅಂದಿದ್ದೀರಿ. 2020ರಲ್ಲಿ ನಾನೂ ಇದನ್ನೇ ಹುಡುಕುತ್ತಿದ್ದೆ.

ಆಗ ಲಾಕ್‌ಡೌನ್. ಎಂ.ಟೆಕ್ ಮಾಡಿ ಖಾಸಗಿ ಕಾಲೇಜು ಸೇರಿ ಎಂಟು ವರ್ಷವಾಗಿತ್ತು. ಪಿಎಚ್‌ಡಿ ಇಲ್ಲದೆ ಅಸೋಸಿಯೇಟ್ ಪ್ರೊಫೆಸರ್ ಆಗುವ ಹಾಗಿಲ್ಲವಲ್ಲ. ಒಬ್ಬ ಏಜೆಂಟ್ ಹೊರದೇಶದ ಆನ್‌ಲೈನ್ ಡಾಕ್ಟರೇಟ್ ತೋರಿಸಿದ. ನಾಲ್ಕು ಲಕ್ಷ, ಕಂತಿನಲ್ಲಿ. ಮೊದಲ ಕಂತಿಗೆ ಹೆಂಡತಿಯ ಬಳೆ ಅಡವಿಟ್ಟೆ.

ಸುಮ್ನೆ ಕಣ್ಣುಮುಚ್ಚಿಕೊಂಡೇನೂ ಸೇರಲಿಲ್ಲ. ಆ ವಿಶ್ವವಿದ್ಯಾಲಯ ನಿಜಕ್ಕೂ ಇತ್ತು. ಅದರ ದೇಶದಲ್ಲಿ ಮಾನ್ಯತೆಯೂ ಇತ್ತು. ಅದರ ಪ್ರಿಂಟ್ ತೆಗೆದು ಫೈಲಿಗೂ ಹಾಕಿದ್ದೆ. ಆದರೆ ನಾನು ವಿಚಾರಿಸಿದ್ದು ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯಾ ಅಂತ. ಆನ್‌ಲೈನಿನಲ್ಲಿ ಮಾಡಿದ ಪಿಎಚ್‌ಡಿಯನ್ನು ಇಲ್ಲಿ ಒಪ್ಪುತ್ತಾರಾ ಅಂತ ಕೇಳಲೇ ಇಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ. ಬಿ.ಎ., ಎಂ.ಬಿ.ಎ. ಆನ್‌ಲೈನಿನಲ್ಲಿ ನಡೆಯುತ್ತೆ, ಪಿಎಚ್‌ಡಿ ಯಾಕೆ ನಡೆಯಲ್ಲ ಅನ್ನೋ ಲೆಕ್ಕಾಚಾರ. ದೂರಶಿಕ್ಷಣದ ಪಿಎಚ್‌ಡಿ ಬೇಡ ಅಂತ ಯುಜಿಸಿಯ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಆಯೋಗ) 2016ರ ನಿಯಮದಲ್ಲೇ ಇತ್ತು. ಎರಡು ಸಾಲು. ಓದಿದ್ದರೆ ಬಳೆ ಉಳಿಯುತ್ತಿತ್ತು.

2022ರ ಅಕ್ಟೋಬರಿನಲ್ಲಿ ಯುಜಿಸಿ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಎರಡೂ ಸೇರಿ, ಎಡ್‌ಟೆಕ್ (ಆನ್‌ಲೈನ್ ಶಿಕ್ಷಣದ) ಕಂಪನಿಗಳು ಮಾರುವ ವಿದೇಶಿ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಎಂದು ಎಚ್ಚರಿಸಿದವು. ಮರುವರ್ಷ ಬಡ್ತಿಯ ಸಂದರ್ಶನ. ಫೈಲ್ ತಿರುವುತ್ತಿದ್ದ ಹಿರಿಯರು ಪೆನ್ಸಿಲ್ ಕೆಳಗಿಟ್ಟು, "ಕೋರ್ಸ್‌ವರ್ಕ್ ಎಲ್ಲಿ ಮಾಡಿದ್ರಿ ಸರ್?" ಅಂದರು. "ಮನೇಲಿ" ಅಂದೆ. ಫೈಲ್ ಮುಚ್ಚಿ ನನ್ನ ಕಡೆಗೇ ಸರಿಸಿದರು. ಟೀ ಮಾತ್ರ ಕುಡಿಸಿ ಕಳಿಸಿದರು.

ಹಾಗಾಗಿ ಯಾವ ಆನ್‌ಲೈನ್ ಪಿಎಚ್‌ಡಿ ಒಳ್ಳೇದು ಅಂದರೆ, ಪಾಠ ಮಾಡುವ ನಿಮಗೆ ಯಾವುದೂ ಅಲ್ಲ. ನಿಮಗೆ ಬೇಕಿರುವುದು ಪಾರ್ಟ್ ಟೈಮ್. ಯುಜಿಸಿಯ 2022ರ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಕನಿಷ್ಠ 3 ವರ್ಷ, ಕೋರ್ಸ್‌ವರ್ಕ್ (ಥೀಸಿಸ್‌ಗೆ ಮೊದಲು ಓದಿ ಪಾಸಾಗಬೇಕಾದ ವಿಷಯಗಳು) ಕನಿಷ್ಠ 12 ಕ್ರೆಡಿಟ್. ಕಂಪನಿ ಕೆಲಸದಲ್ಲಿದ್ದರೆ ಬೆಂಗಳೂರಿನ ಐಐಎಸ್‌ಸಿಯ ಇಆರ್‌ಪಿ (ಕೆಲಸದಲ್ಲಿರುವವರಿಗಾಗಿಯೇ ಇರುವ ಪಿಎಚ್‌ಡಿ ದಾರಿ) ನೋಡಿ ಅನ್ನುತ್ತಿದ್ದೆ. ನಾನೀಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಶೋಧನಾ ಕೇಂದ್ರವೊಂದರಲ್ಲಿ ಮೊದಲಿನಿಂದ ಶುರು ಮಾಡಿದ್ದೇನೆ. ಶನಿವಾರ ಬೆಳಗ್ಗೆ ಬಸ್ಸು ಹತ್ತುತ್ತೇನೆ. ಗೈಡ್ ಕೆಂಪು ಪೆನ್ನಿನಲ್ಲಿ ಅರ್ಧ ಪುಟ ಹೊಡೆದು ಹಾಕುತ್ತಾರೆ. ಹಳೇ ಥೀಸಿಸ್‌ಗೆ ಒಂದು ಗೀಟೂ ಬಿದ್ದಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ?

ವಿಶ್ವವಿದ್ಯಾಲಯ ಹುಡುಕೋದು ಆಮೇಲೆ. ನಾಳೆಯೇ ಪ್ರಿನ್ಸಿಪಾಲರ ಹತ್ತಿರ ಹೋಗಿ ಎನ್‌ಒಸಿ (ಕಾಲೇಜಿನ ಅಭ್ಯಂತರವಿಲ್ಲ ಅನ್ನೋ ಪತ್ರ) ಕೊಡ್ತೀರಾ ಅಂತ ಕೇಳಿ. ಅದಿಲ್ಲದೆ ಪಾರ್ಟ್ ಟೈಮ್ ಅರ್ಜಿ ಮುಂದಕ್ಕೇ ಹೋಗಲ್ಲ.