ಬಜೆಟ್‌ನಲ್ಲಿ ಆಯುಷ್ಮಾನ್ 5 ಲಕ್ಷದ ಮಿತಿ ಏರುತ್ತೆ ಅಂತ ಕಾಯಬೇಕಾ, ಈಗಲೇ ಅಪ್ಪನಿಗೆ ಇನ್ಶೂರೆನ್ಸ್ ಮಾಡಿಸಬೇಕಾ?

2019ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಅಪ್ಪ ಆಗಾಗ ಎದೆ ಹಿಡಿದ ಹಾಗಾಗುತ್ತೆ ಅನ್ನುತ್ತಿದ್ದರು. ನಾನು ಪೇಪರ್‌ನಲ್ಲಿ ಬಜೆಟ್ ಸುದ್ದಿ ಓದುತ್ತಿದ್ದೆ.

ನಮ್ಮದು ಅರಸೀಕೆರೆ ಕಡೆ, ತೆಂಗಿನ ತೋಟ. ಬಿಪಿಎಲ್ ಕಾರ್ಡ್ ಇತ್ತು. ಅಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ 2 ಲಕ್ಷದ 38 ಸಾವಿರ ಕೈಯಿಂದ ಕಟ್ಟಿದೆ.

ರಾತ್ರಿ ಎರಡು ಗಂಟೆ. ಅಪ್ಪನಿಗೆ ಮೈಯೆಲ್ಲಾ ಬೆವರು, ಎಡಗೈ ಸೆಳೆತ. ಪಕ್ಕದ ಮನೆಯವರ ಓಮ್ನಿಯಲ್ಲಿ ಮಲಗಿಸಿಕೊಂಡು ಸೀದಾ ಸಿಟಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ದಾರಿಯಲ್ಲೇ ತಾಲೂಕು ಆಸ್ಪತ್ರೆ ಇತ್ತು, ನಿಲ್ಲಿಸಲಿಲ್ಲ. ಅದೂ ತಪ್ಪೇ, ಆಮೇಲೆ ಹೇಳುತ್ತೇನೆ. ಕೌಂಟರ್‌ನಲ್ಲಿದ್ದ ಹುಡುಗ ಕಂಪ್ಯೂಟರ್‌ನಿಂದ ತಲೆ ಎತ್ತದೆ ಕೇಳಿದ, "ಕ್ಯಾಶಾ, ಇನ್ಶೂರೆನ್ಸಾ, ಸ್ಕೀಮಾ?"

"ಕ್ಯಾಶ್" ಅಂದೆ.

ಯಾಕೆ ಹಾಗಂದೆ ಅಂತ ಇವತ್ತಿಗೂ ಯೋಚಿಸುತ್ತೇನೆ. ಸ್ಕೀಮ್ ಅಂದರೆ ಅಪ್ಪನನ್ನು ಮೂಲೆಗೆ ತಳ್ಳುತ್ತಾರೆ ಅನ್ನೋ ಭಯ ಒಂದು. ಕಾರ್ಡ್ ಮನೆಯಲ್ಲಿ ಕ್ಯಾಲೆಂಡರ್ ಹಿಂದಿನ ಪ್ಲಾಸ್ಟಿಕ್ ಕವರ್‌ನಲ್ಲಿತ್ತು, ಅದು ಇನ್ನೊಂದು. ನಿಜ ಹೇಳಬೇಕೆಂದರೆ, ಹಿಂದೆ ನಿಂತಿದ್ದವರ ಮುಂದೆ ಬಿಪಿಎಲ್ ಅನ್ನಲು ನಾಚಿಕೆಯೂ ಆಯಿತು. ಬೆಳಿಗ್ಗೆ ಕಾರ್ಡ್ ತರಿಸಿ ಸರಿಮಾಡಿಸಿಕೊಂಡರಾಯ್ತು ಅಂದುಕೊಂಡು ಫೋನ್‌ಪೇಯಲ್ಲಿ 40 ಸಾವಿರ ಅಡ್ವಾನ್ಸ್ ಕಟ್ಟಿದೆ.

ಬೆಳಿಗ್ಗೆ ಸರಿಯಾಗಲಿಲ್ಲ. ಅಷ್ಟರಲ್ಲಿ ಸ್ಟೆಂಟ್ ಹಾಕಿ ಆಗಿತ್ತು. ಕೆಳಗೆ ಆರೋಗ್ಯ ಮಿತ್ರ, ಅಂದರೆ ಯೋಜನೆಯ ರೋಗಿಗಳಿಗೆ ಸಹಾಯ ಮಾಡುವವರ ಡೆಸ್ಕ್‌ನಲ್ಲಿದ್ದ ಹುಡುಗಿ ಕಾರ್ಡ್ ನೋಡಿ, "ಅಣ್ಣ, ಬರುವಾಗಲೇ ಒಂದು ಮಾತು ಹೇಳಬಾರದಿತ್ತಾ? ಬಸ್ಸಿನಲ್ಲಿ ಟಿಕೆಟ್ ತಗೊಂಡು ಆಮೇಲೆ ಪಾಸ್ ತೋರಿಸಿದರೆ ಕಂಡಕ್ಟರ್ ದುಡ್ಡು ವಾಪಸ್ ಕೊಡ್ತಾನಾ?" ಅಂದಳು.

ವಿಷಯ ಇಷ್ಟೇ. ಈ ಯೋಜನೆ ರೋಗಿಗೆ ದುಡ್ಡು ಕೊಡುವುದಿಲ್ಲ. ಆಸ್ಪತ್ರೆ ಮೊದಲು ಈ ಯೋಜನೆ ನಡೆಸುವ ಸರ್ಕಾರಿ ಸಂಸ್ಥೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಕೇಸ್ ಕಳಿಸಿ ಒಪ್ಪಿಗೆ ಪಡೆಯಬೇಕು. ಆಮೇಲೆ ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರವನ್ನು ಟ್ರಸ್ಟ್ ಆಸ್ಪತ್ರೆಗೇ ಕಟ್ಟುತ್ತದೆ. ನಾನು ಕ್ಯಾಶ್ ಅಂದ ಗಳಿಗೆಯಿಂದ ಟ್ರಸ್ಟ್ ಮಟ್ಟಿಗೆ ನಮ್ಮಪ್ಪ ಅನ್ನೋ ರೋಗಿಯೇ ಇರಲಿಲ್ಲ. ಮಿತಿ 5 ಲಕ್ಷ ಇದ್ದರೂ ಅಷ್ಟೇ, 50 ಲಕ್ಷ ಇದ್ದರೂ ಅಷ್ಟೇ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿಯಲ್ಲಿ ಆಗಲ್ಲ ಅಂತಲೂ ನಾನು ಅಂದುಕೊಂಡಿದ್ದೆ. ಅದು ತುರ್ತಲ್ಲದ ಕಾಯಿಲೆಗಳಿಗೆ. ತುರ್ತು ಚಿಕಿತ್ಸೆಗೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು. ಆ ಆಸ್ಪತ್ರೆಯ ಗೋಡೆಯ ಮೇಲೆ ಬೋರ್ಡೇ ಇತ್ತು, ನಾನು ಅದಕ್ಕೆ ಒರಗಿ ನಿಂತಿದ್ದೆ.

ಬಿಲ್ ಕಟ್ಟಲು ಅಟ್ಟದ ಮೇಲಿನ ಕಾಯಿ ಇಳಿಸಿದೆವು. ಕೊಬ್ಬರಿಯಾಗಲು ಇನ್ನೂ ನಾಲ್ಕು ತಿಂಗಳು ಬೇಕಿತ್ತು. ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತಿತ್ತು. ವ್ಯಾಪಾರಿ ಪ್ರತಿ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ನಕ್ಕು, ಹಸಿ ಕಾಯಿ ರೇಟ್ ಹಾಕಿದ. ಉಳಿದದ್ದಕ್ಕೆ ಸೊಸೈಟಿ ಸಾಲ.

ಈಗ ನಿಮ್ಮ ಬಜೆಟ್ ವಿಷಯ. ಮಿತಿ ಏರೋದಕ್ಕೆ ಕಾಯಬೇಡಿ, ಕೇಳಲೂ ಬೇಡಿ. 2025–26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಆರೋಗ್ಯಕ್ಕೆ 17,473 ಕೋಟಿ. ನೂರು ರೂಪಾಯಿಗೆ ನಾಲ್ಕು ರೂಪಾಯಿ ಚಿಲ್ಲರೆ. ರಾಜ್ಯಗಳು ಬಜೆಟ್‌ನ ಶೇ 8ಕ್ಕಿಂತ ಹೆಚ್ಚು ಕೊಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ. ಆಯುಷ್ಮಾನ್‌ಗೆ ಕೇಂದ್ರ ಶೇ 60 ಕೊಡುತ್ತೆ ನಿಜ, ಆದರೆ 2011ರ ಸಾಮಾಜಿಕ-ಆರ್ಥಿಕ ಸಮೀಕ್ಷೆಯ ಲೆಕ್ಕದ ಸುಮಾರು 62 ಲಕ್ಷ ಕುಟುಂಬಗಳಿಗೆ ಮಾತ್ರ. ಉಳಿದವರ ಖರ್ಚೆಲ್ಲಾ ರಾಜ್ಯದ ತಲೆ ಮೇಲೆ. ಇಷ್ಟರಲ್ಲಿ ಮಿತಿ ಏರಿಸಿದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತೆ, ಅಷ್ಟೇ. ಆಸ್ಪತ್ರೆಗಳಿಗೆ ಹಣ ಹೋಗೋದು ತಡವಾದರೆ ಸ್ಕೀಮ್ ರೋಗಿ ಅಂದ ಕೂಡಲೇ ಅವರ ಮುಖ ಬದಲಾಗುತ್ತೆ.

ನನ್ನನ್ನು ಕೇಳಿದರೆ ಆ ದುಡ್ಡು ತಾಲೂಕು ಆಸ್ಪತ್ರೆಗೆ ಹೋಗಲಿ. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ಅಂಥದ್ದಕ್ಕೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ತೋರಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ. ನಮ್ಮ ಕಾಲಕ್ಕೆ ಇದು ಇರಲಿಲ್ಲ. ಆದರೂ ಅಲ್ಲಿ ಗಾಡಿ ನಿಲ್ಲಿಸಿದ್ದರೆ ಯಾರಾದರೂ "ಕಾರ್ಡ್ ಇದೆಯಾ" ಅಂತಾದರೂ ಕೇಳುತ್ತಿದ್ದರು.

ಹಾಗಾಗಿ ಇವತ್ತೇ ಕಾರ್ಡ್, ಆಧಾರ್ ಫೋಟೊ ತೆಗೆದು ಮನೆಯವರೆಲ್ಲರ ಫೋನ್‌ಗೆ ಹಾಕಿ. ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ 14555ಕ್ಕೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಎದೆನೋವು ಬಂದರೆ 108. ಕೌಂಟರ್‌ನಲ್ಲಿ ನಿಮ್ಮ ಬಾಯಿಂದ ಮೊದಲು ಬರಬೇಕಾದ ಮಾತು "ಸ್ಕೀಮ್, ಆರೋಗ್ಯ ಮಿತ್ರರನ್ನು ಕರೆಯಿರಿ". ದುಡ್ಡು ಕೊಡದಿದ್ದರೆ ಮುಟ್ಟಲ್ಲ ಅಂದರೆ ಹೆದರಬೇಡಿ. ತುರ್ತು ರೋಗಿಯನ್ನು ಯಾವ ವೈದ್ಯರೂ ವಾಪಸ್ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ನಿಮ್ಮ ಕಾರ್ಡ್ ಯಾವುದು ಅಂತ ನೀವು ಬರೆದಿಲ್ಲ. ಎಪಿಎಲ್ ಆದರೆ ಈ 5 ಲಕ್ಷ ಸಾಮಾನ್ಯವಾಗಿ ನಿಮಗೆ ಸಿಗಲ್ಲ. ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದವರೆಗೆ. ಆಗ ಇನ್ಶೂರೆನ್ಸ್ ಮಾಡಿಸಿ, ನಿಮ್ಮಪ್ಪನಿಗೂ ಎದೆನೋವು ಇದ್ದರೆ ಆ ವಿಷಯ ಮುಚ್ಚಿಡದೆ ಬರೆಸಿ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಅದಕ್ಕೇ ಮುಂದಿನ ಬಜೆಟ್ ತನಕ ತಳ್ಳಬೇಡಿ.